ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ: ಐಬಿಎಸ್‌ಗೆ ಹೆಸರು ಸಿಕ್ಕ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಊಟ ಮಾಡ್ತಾ ಕೇಳ್ತಿದ್ರೆ ದಯವಿಟ್ಟು ಇಲ್ಲೇ ನಿಲ್ಲಿಸಿ, ಕೈ ತೊಳ್ಕೊಂಡು ಆಮೇಲೆ ಬನ್ನಿ. ಇವತ್ತಿನ ಮಾತು ಹೊಟ್ಟೆಯದು, ಅದರಲ್ಲೂ ಹೊಟ್ಟೆಯ ಕೆಳಭಾಗದ್ದು. ಕಕ್ಕಸಿನ ಮಾತು ಬರುತ್ತೆ. ನಾಚ್ಕೊಂಡ್ರೆ ಈ ಚರಿತ್ರೆ ಹೇಳೋಕೇ ಆಗಲ್ಲ.

ನನಗೆ ಆಗ 23 ವರ್ಷ. ಬೆಂಗಳೂರಲ್ಲಿ ಪಿಜಿ, ಮೊದಲನೇ ಕೆಲಸ. ಬೆಳಿಗ್ಗೆ ಆಫೀಸಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಹೊಟ್ಟೆ ನುಲಿಯೋಕೆ ಶುರು. ಒಂದು ಸಲ ಹೋಗಿ ಬಂದ್ರೆ ಸ್ವಲ್ಪ ಹಗುರ, ಶೂ ಹಾಕುವಷ್ಟರಲ್ಲಿ ಮತ್ತೆ. ಕೆಲವು ವಾರ ಹೀಗೆ ಮೂರು ಮೂರು ಸಲ, ಮುಂದಿನ ವಾರ ನಾಲ್ಕು ದಿನ ಏನೂ ಇಲ್ಲ, ಹೊಟ್ಟೆ ಮಾತ್ರ ಡೊಳ್ಳಿನ ಹಾಗೆ. ಬಸ್ಸಿನ ದಾರೀಲಿ ಯಾವ ಸ್ಟಾಪ್ ಹತ್ರ ಹೋಟೆಲ್ ಇದೆ, ಯಾವ ಹೋಟೆಲ್‌ನವರು ಕಾಫಿ ತಗೊಳ್ದೆ ಒಳಗೆ ಬಿಡ್ತಾರೆ, ಇದೆಲ್ಲ ನನಗೆ ಬಾಯಿಪಾಠ. ಗೆಳತಿಯರು ಟ್ರಿಪ್ ಅಂದ್ರೆ ಜಾಗ ನೋಡೋರು, ನಾನು ದಾರೀಲಿ ಪೆಟ್ರೋಲ್ ಬಂಕ್ ಎಷ್ಟಿದೆ ಅಂತ ನೋಡ್ತಿದ್ದೆ.

ಎಂಟು ತಿಂಗಳಲ್ಲಿ ಮೂವರು ಡಾಕ್ಟರ್ ಆದರು. ಸ್ಕ್ಯಾನಿಂಗ್ ಆಯ್ತು, ಬಾಯಿಂದ ಪೈಪ್ ಬಿಟ್ಟು ಎಂಡೋಸ್ಕೋಪಿ ಆಯ್ತು, ಥೈರಾಯ್ಡ್ ಆಯ್ತು. ಸುಮಾರು ಎರಡು ತಿಂಗಳ ಸಂಬಳ ಹೋಯ್ತು. ಪ್ರತೀ ಸಲ ಒಂದೇ ಮಾತು: "ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ." ಆ ಮಾತು ಕೇಳಿ ಖುಷಿ ಆಗಬೇಕಿತ್ತು. ಕೊನೇ ಸಲ ರಿಪೋರ್ಟ್ ಕೈಲಿ ಹಿಡ್ಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಏನೂ ಇಲ್ಲ ಅಂದ್ರೆ ಇದೆಲ್ಲ ನಾನೇ ಮಾಡ್ಕೋತಿರೋದಾ?

ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ನಮ್ಮೂರ ಡಾಕ್ಟ್ರ ಹತ್ರ ಕರ್ಕೊಂಡು ಹೋದಳು. ವಯಸ್ಸಾದ ಎಂಬಿಬಿಎಸ್ ಡಾಕ್ಟ್ರು, ಒಂದೇ ಕೋಣೆಯ ಕ್ಲಿನಿಕ್. ನನ್ನ ಫೈಲ್ ತೆಗೆದು ಮಗುಚಿಯೂ ನೋಡಲಿಲ್ಲ. "ನೋವು ಬಂದಾಗ ಹೊರಕಡೆ ಹೋಗಿ ಬಂದ್ರೆ ಕಮ್ಮಿ ಆಗುತ್ತೇನಮ್ಮಾ?" ಅಂದರು. ಹೌದು ಸಾರ್. "ನೋವು ಶುರುವಾದ ದಿನ ಜಾಸ್ತಿ ಸಲ ಹೋಗ್ತೀಯಾ?" ಹೌದು. "ಅವತ್ತು ತೆಳುವಾಗಿ ಹೋಗುತ್ತಾ?" ಹೌದು. "ಹೊಟ್ಟೆ ಉಬ್ಬಿರೋದು ಕಣ್ಣಿಗೇ ಕಾಣುತ್ತಾ, ಚೂಡಿದಾರದ ಲಾಡಿ ಬಿಗಿ ಆಗುತ್ತಾ?" ನಾನು ದಂಗಾದೆ. ಆಮೇಲೆ ಇನ್ನೊಂದಿಷ್ಟು: ರಕ್ತ ಹೋಗುತ್ತಾ, ತೂಕ ಇಳಿದಿದೆಯಾ, ಜ್ವರ ಬರುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿತ್ತಾ. ಇದಕ್ಕೆಲ್ಲ ಇಲ್ಲ ಅಂದೆ. ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು. ಹಿಮೋಗ್ಲೋಬಿನ್, ಇಎಸ್‌ಆರ್ ಅಷ್ಟನ್ನೇ ಫೈಲಲ್ಲಿ ಹುಡುಕಿ ಓದಿದರು. ಆಮೇಲೆ ಚೀಟಿ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದರು: ಐಬಿಎಸ್. ಇರಿಟಬಲ್ ಬವೆಲ್ ಸಿಂಡ್ರೋಮ್.

ಹತ್ತು ನಿಮಿಷ ಹಿಡೀಲಿಲ್ಲ. ನಿಜ ಹೇಳ್ತೀನಿ, ಮೊದಲು ಬಂದದ್ದು ಸಿಟ್ಟು. ಅಷ್ಟು ದೊಡ್ಡ ಮಶೀನುಗಳಿಗೆ ಸಿಗದೇ ಇದ್ದದ್ದು ಇವರಿಗೆ ನಾಲ್ಕು ಪ್ರಶ್ನೇಲಿ ಹೇಗೆ ಸಿಕ್ತು? ಆ ನಾಲ್ಕು ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದದ್ದೇ ಈ ಸಂಚಿಕೆ.

ಮೊದಲು 1849ಕ್ಕೆ ಹೋಗೋಣ. ಇಂಗ್ಲೆಂಡು. 'ಲಂಡನ್ ಮೆಡಿಕಲ್ ಗೆಜೆಟ್' ಅನ್ನೋ ಪತ್ರಿಕೆಯಲ್ಲಿ ಕಮಿಂಗ್ ಅನ್ನೋ ವೈದ್ಯ ಒಂದು ಲೇಖನ ಬರೀತಾನೆ. ಅವನ ರೋಗಿಗಳಿಗೆ ಒಮ್ಮೆ ಮಲಬದ್ಧತೆ, ಇನ್ನೊಮ್ಮೆ ಭೇದಿ. ಒಬ್ಬರೇ ಮನುಷ್ಯರಿಗೆ ಎರಡೂ. ಒಂದೇ ಕಾಯಿಲೆ ಹೀಗೆ ಎರಡು ತದ್ವಿರುದ್ಧ ಮುಖ ತೋರಿಸೋದು ಹೇಗೆ ಅನ್ನೋದನ್ನ ವಿವರಿಸೋ ಶಕ್ತಿ ನನಗಿಲ್ಲ ಅಂತ ಅವನು ನೇರವಾಗಿ ಒಪ್ಪಿಕೊಳ್ತಾನೆ. ನನಗೆ ಈ ಮನುಷ್ಯನ ಮೇಲೆ ಗೌರವ ಬಂದದ್ದು ಆ ಸಾಲಿಗೆ. ಅವನ ಚಿಕಿತ್ಸೆ ಮೇಲೆ ಅಷ್ಟು ಗೌರವ ಇಲ್ಲ ಬಿಡಿ. ಆ ಲೇಖನ ಇದ್ದದ್ದೇ ವಿದ್ಯುತ್ ಚಿಕಿತ್ಸೆ ಬಗ್ಗೆ. ಹೊಟ್ಟೆನೋವಿಗೆ ಕರೆಂಟ್ ಕೊಡೋದು. ಆ ಕಾಲದಲ್ಲಿ ಬ್ಯಾಟರಿ ಹೊಸದು, ಹೊಸದು ಬಂದಾಗ ಎಲ್ಲ ಕಾಯಿಲೆಗೂ ಅದನ್ನೇ ಹಚ್ಚಿ ನೋಡೋ ಚಟ ಇವತ್ತಿಗೂ ಹೋಗಿಲ್ಲ.

ಆಮೇಲೆ ವಿಲಿಯಂ ಆಸ್ಲರ್. ಮೆಡಿಕಲ್ ಓದ್ತಿರೋರಿಗೆ ಈ ಹೆಸರು ಗೊತ್ತಿರುತ್ತೆ, ಆಧುನಿಕ ವೈದ್ಯಶಿಕ್ಷಣದ ಪಿತಾಮಹ ಅಂತ ಕರೆಸ್ಕೊಂಡವರು. 1892ರ ಅವರ ಪಠ್ಯಪುಸ್ತಕದಲ್ಲಿ ಇದು 'ಮ್ಯೂಕಸ್ ಕೊಲೈಟಿಸ್' ಅನ್ನೋ ಹೆಸರಲ್ಲಿ ಬರುತ್ತೆ, ಅಂದ್ರೆ ಲೋಳೆ ಹೋಗುವ ಕರುಳ ಬೇನೆ. ಅದರ ಜೊತೆಗೇ ಇನ್ನೊಂದು ಮಾತೂ ಅಂಟಿಕೊಂಡಿತು: ಇದು ಹೆಚ್ಚಾಗಿ ನರಗಳ ಗೋಳಿನವರಿಗೆ, ಹಿಸ್ಟೀರಿಯಾ ಸ್ವಭಾವದವರಿಗೆ, ಇಲ್ಲದ ಕಾಯಿಲೆ ಇದೆ ಅಂದ್ಕೊಳ್ಳೋರಿಗೆ ಬರೋದು. ನೋಡಿ, ಇಲ್ಲಿಂದ ಶುರುವಾದದ್ದು. ನನಗೆ ಬೆಂಗಳೂರಲ್ಲಿ ಹೇಳಿದ "ಟೆನ್ಷನ್ ಮಾಡ್ಕೋಬೇಡಿ" ಅನ್ನೋ ಮಾತಿಗೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ.

ಹಾಗಂತ ಮನಸ್ಸಿಗೂ ಕರುಳಿಗೂ ಸಂಬಂಧವೇ ಇಲ್ಲ ಅಂತ ಅಲ್ಲ. ಅದನ್ನ ಕಣ್ಣಾರೆ ನೋಡಿದವರು ನ್ಯೂಯಾರ್ಕಿನ ಥಾಮಸ್ ಆಲ್ಮಿ. 1940ರ ದಶಕದ ಕೊನೆ. ಆರೋಗ್ಯವಾಗಿದ್ದ ಒಬ್ಬ ಮೆಡಿಕಲ್ ವಿದ್ಯಾರ್ಥಿ ಪ್ರಯೋಗಕ್ಕೆ ಒಪ್ಕೊಂಡು ಬರ್ತಾನೆ. ಗುದದ್ವಾರದಿಂದ ಕೊಳವೆ ಬಿಟ್ಟು ಕರುಳಿನ ಒಳಗೋಡೆ ನೋಡ್ತಿರೋವಾಗ, ಅವನಿಗೆ ಕೇಳೋ ಹಾಗೆ ವೈದ್ಯರು ಗುಸುಗುಸು ಮಾಡ್ತಾರೆ: ಇಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂತ. ಹುಡುಗ ಬೆವರ್ತಾನೆ. ಒಳಗೆ ಕರುಳು ಕೆಂಪಾಗಿ ಬಿಗಿದು ಸೆಟೆದುಕೊಳ್ಳುತ್ತೆ. ಆಮೇಲೆ, ಇಲ್ಲಪ್ಪ, ಇದು ನಾಟಕ, ನಿನಗೇನೂ ಆಗಿಲ್ಲ ಅಂತಾರೆ. ಕರುಳು ಸಡಿಲ ಆಗುತ್ತೆ. ಇವತ್ತು ಇಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಲ್ಲ, ಒಪ್ಪಬಾರದು. ಆದ್ರೆ ಒಂದು ವಿಷಯ ಮಾತ್ರ ಸಾಬೀತಾಯ್ತು: ಹೆದರಿದಾಗ ಕರುಳು ಹೀಗೆ ಆಡೋದು 'ಹಿಸ್ಟೀರಿಯಾ' ಇರೋರಿಗಷ್ಟೇ ಅಲ್ಲ. ಆರೋಗ್ಯವಂತನಿಗೂ ಆಗುತ್ತೆ. ನಮ್ಮ ಭಾಷೇಲಿ ಇದು ಮೊದಲಿಂದ ಇದೆಯಲ್ಲ. ಹೊಟ್ಟೇಲಿ ಕಲಸಿದ ಹಾಗಾಯ್ತು, ಕರುಳು ಕಿತ್ತು ಬಂತು, ಹೊಟ್ಟೆ ಉರಿ. ಅಜ್ಜಿಗೆ ಆಲ್ಮಿ ಬೇಕಿರಲಿಲ್ಲ.

ಇದರ ಮಧ್ಯೆ 1944ರಲ್ಲಿ ಪೀಟರ್ಸ್ ಮತ್ತು ಬಾರ್ಗನ್ ಅನ್ನೋ ಇಬ್ಬರು ಅಮೆರಿಕನ್ ವೈದ್ಯರು ತಮ್ಮ ಲೇಖನದ ತಲೆಬರಹದಲ್ಲೇ 'ಇರಿಟಬಲ್ ಬವೆಲ್ ಸಿಂಡ್ರೋಮ್' ಅಂತ ಬರೆದರು. ಹೆಸರು ಬಂತು, ಗುರುತಿಸೋ ದಾರಿ ಬರಲಿಲ್ಲ.

1962ರದ್ದು ನನಗೆ ತುಂಬ ಇಷ್ಟವಾದ ಕೆಲಸ. ಆಕ್ಸ್‌ಫರ್ಡಿನಲ್ಲಿ ಚೌಧರಿ ಮತ್ತು ಟ್ರೂಲವ್ ಅನ್ನೋ ಇಬ್ಬರು 130 ರೋಗಿಗಳ ಕಥೆಯನ್ನ ಕೂತು ಕೇಳಿ ಬರೆದರು. ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಏನಾಗಿತ್ತು, ಮನೇಲಿ ಹೇಗಿದ್ದೀರಿ ಅಂತ. ಸುಮಾರು ಕಾಲುಭಾಗ ಜನ ಹೇಳಿದ್ದು: ಒಂದ್ಸಲ ಜೋರು ಆಮಶಂಕೆ ಆಗಿತ್ತು ಡಾಕ್ಟ್ರೇ, ಅದು ವಾಸಿಯಾಯ್ತು, ಆದ್ರೆ ಹೊಟ್ಟೆ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಇಂಥ ಮಾತನ್ನ ಜನ ಹೇಳ್ತಾನೇ ಇರ್ತಾರೆ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಮುಂದೆ ಇದು ದೊಡ್ಡದಾಗಿ ನಿಜ ಅಂತ ಕಂಡದ್ದು ಕೆನಡಾದ ವಾಕರ್‌ಟನ್ ಅನ್ನೋ ಸಣ್ಣ ಊರಲ್ಲಿ. 2000ದ ಮೇ ತಿಂಗಳಲ್ಲಿ ಊರಿನ ಕುಡಿಯೋ ನೀರಿಗೆ ಇ ಕೊಲೈ ಬ್ಯಾಕ್ಟೀರಿಯಾ ಸೇರಿ ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಮಲಗಿದರು. ವೈದ್ಯರು ಎರಡು ಮೂರು ವರ್ಷ ಆದ್ಮೇಲೆ ಅದೇ ಊರಿಗೆ ಹೋಗಿ ಕೇಳಿದಾಗ, ಆಗ ಕಾಯಿಲೆ ಬಿದ್ದು ಡಾಕ್ಟರ್ ಕಂಡಿದ್ದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚಿಗೆ ಐಬಿಎಸ್ ಇತ್ತು. ಕಾಯಿಲೆ ಬೀಳದವರಲ್ಲಿ ಹತ್ತರಲ್ಲಿ ಒಬ್ಬರಿಗೆ. ಇದಕ್ಕೆ ಇನ್ನು 'ಟೆನ್ಷನ್' ಅಂತ ಹೇಳಿ ಕೈ ತೊಳ್ಕೊಳ್ಳೋ ಹಾಗಿಲ್ಲ.

ಸರಿ, ಆ ನಾಲ್ಕು ಪ್ರಶ್ನೆಗಳು. 1970ರ ದಶಕಕ್ಕೆ ಬರೋಣ. ಆಗ ಐಬಿಎಸ್ ಅಂದ್ರೆ ಏನು ಅಂತ ಡಾಕ್ಟರನ್ನ ಕೇಳಿದ್ರೆ ಉತ್ತರ: ಬೇರೆ ಏನೂ ಅಲ್ಲ ಅಂತ ಗೊತ್ತಾದ ಮೇಲೆ ಉಳಿಯೋದು. ಬೇರಿಯಂ ಕೊಟ್ಟು ಎಕ್ಸ್‌ರೇ ತೆಗೀರಿ, ಕ್ಯಾನ್ಸರ್ ಅಲ್ಲ. ಕೊಳವೆ ಬಿಟ್ಟು ನೋಡಿ, ಹುಣ್ಣಲ್ಲ. ಬಳುಕುವ ಕೊಲೊನೋಸ್ಕೋಪ್ ಆಗಷ್ಟೇ ಬರ್ತಿತ್ತು, ಅದನ್ನೂ ಬಿಟ್ಟು ನೋಡಿ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಕೊನೇಲಿ ಉಳಿದ ಬಾಗಿಲಿಗೆ ಐಬಿಎಸ್ ಅಂತ ಹೆಸರು. ಕಷ್ಟ ಏನಪ್ಪಾ ಅಂದ್ರೆ, ಬಾಗಿಲು ಮುಗಿಯೋದೇ ಇಲ್ಲ. ಪ್ರತೀ ವರ್ಷ ಹೊಸ ಪರೀಕ್ಷೆ ಬರುತ್ತೆ. ಮತ್ತೆ ರೋಗಿಗೆ ಕೊನೆಗೆ ಸಿಗೋದು 'ನಿನಗೆ ಇದಿದೆ' ಅನ್ನೋ ಮಾತಲ್ಲ, 'ನಿನಗೆ ಏನೂ ಇಲ್ಲ' ಅನ್ನೋ ಮಾತು. ಆ ಎರಡರ ನಡುವಿನ ವ್ಯತ್ಯಾಸ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತವರಿಗೆ ಗೊತ್ತು.

ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ಕೆನ್ ಹೀಟನ್ ಅನ್ನೋ ವೈದ್ಯರಿದ್ದರು. ಅವರ ಜೊತೆ ಕೆನಡಾದಿಂದ ಬಂದ ಗ್ರಾಂಟ್ ಥಾಂಪ್ಸನ್, ಮತ್ತೆ ಮ್ಯಾನಿಂಗ್, ಮಾರಿಸ್. ಇವರು ಪ್ರಶ್ನೆಯನ್ನ ತಿರುಗಿಸಿ ಹಾಕಿದರು. ಐಬಿಎಸ್ ಅಂದ್ರೆ ಏನಲ್ಲ ಅನ್ನೋದು ಬಿಡಿ, ಏನು ಅಂತ ಹೇಳೋಕಾಗುತ್ತಾ? ಹೊಟ್ಟೆನೋವು, ಮಲವಿಸರ್ಜನೆಯ ತೊಂದರೆ ಅಂತ ಆಸ್ಪತ್ರೆಗೆ ಬಂದ 109 ಜನಕ್ಕೆ ಮೊದಲನೇ ದಿನವೇ 15 ಲಕ್ಷಣಗಳ ಪ್ರಶ್ನೆಪಟ್ಟಿ ಕೊಟ್ಟರು. ಆಮೇಲೆ ಕಾದರು. ಒಂದೂವರೆ ಎರಡು ವರ್ಷ. ಅಷ್ಟು ಹೊತ್ತಿಗೆ ಯಾರಿಗೆ ನಿಜಕ್ಕೂ ಹುಣ್ಣೋ ಉರಿಯೂತವೋ ಗಡ್ಡೆಯೋ ಇತ್ತು, ಯಾರಿಗೆ ಐಬಿಎಸ್ ಇತ್ತು ಅಂತ ಫೈಲ್ ನೋಡಿ ತಿಳ್ಕೊಂಡರು. 32 ಜನಕ್ಕೆ ಐಬಿಎಸ್, 33 ಜನಕ್ಕೆ ಅಂಗದಲ್ಲೇ ಕಾಣುವ ರೋಗ. ಈಗ ಹಳೇ ಪ್ರಶ್ನೆಪಟ್ಟಿ ತೆಗೆದು ಇಬ್ಬರ ಉತ್ತರ ಪಕ್ಕಪಕ್ಕ ಇಟ್ಟರು.

ನಾಲ್ಕು ಲಕ್ಷಣ ಎದ್ದು ಬಂದವು. ಮಲ ಹೋದ ಮೇಲೆ ನೋವು ಕಡಿಮೆ ಆಗೋದು. ನೋವು ಶುರುವಾದಾಗ ಹೆಚ್ಚು ಸಲ ಹೋಗೋದು. ನೋವು ಶುರುವಾದಾಗ ತೆಳುವಾಗೋದು. ಹೊಟ್ಟೆ ಕಣ್ಣಿಗೆ ಕಾಣೋ ಹಾಗೆ ಉಬ್ಬೋದು. ಜೊತೆಗೆ ಲೋಳೆ ಹೋಗೋದು, ಪೂರ್ತಿ ಆಗಲಿಲ್ಲ ಅನ್ನಿಸೋದು, ಇವೆರಡೂ ಸ್ವಲ್ಪ ಮಟ್ಟಿಗೆ. 1978ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಇದು ಅಚ್ಚಾಯಿತು. ಇಡೀ ಲೇಖನ ಎರಡೇ ಪುಟ. ನಮ್ಮೂರ ಡಾಕ್ಟ್ರು ನನಗೆ ಕೇಳಿದ ನಾಲ್ಕೂ ಪ್ರಶ್ನೆ ಅದರಲ್ಲಿ ಸಾಲಾಗಿ ಇವೆ. ಚೂಡಿದಾರದ ಲಾಡಿ ಮಾತ್ರ ಅವರದೇ ಸೇರ್ಪಡೆ.

ಇಲ್ಲಿ ಒಂದು ಮಾತು ಹೇಳ್ದೇ ಇದ್ರೆ ತಪ್ಪಾಗುತ್ತೆ. ಆ 109 ಜನ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ರ ಬಂದವರು. ಅಂದ್ರೆ ಈಗಾಗಲೇ ಒಂದು ಜರಡಿ ದಾಟಿದವರು. ನಿಮ್ಮ ಬೀದಿಯ ಫ್ಯಾಮಿಲಿ ಡಾಕ್ಟರ್ ಹತ್ರ ಬರೋರು ಬೇರೆ: ನಿನ್ನೆ ಗೋಬಿ ತಿಂದು ಕೆಟ್ಟವರು, ಪರೀಕ್ಷೆ ಭಯದವರು, ನಿಜವಾಗಿ ಕ್ಯಾನ್ಸರ್ ಇರೋರು, ಎಲ್ಲರೂ ಒಂದೇ ಬೆಂಚಿನ ಮೇಲೆ. ಆಸ್ಪತ್ರೆಯಲ್ಲಿ ಹುಟ್ಟಿದ ಪಟ್ಟಿ ಆ ಬೆಂಚಿಗೆ ಹೊಂದುತ್ತಾ ಅನ್ನೋ ಜಗಳ ಇವತ್ತಿಗೂ ಇದೆ. ಥಾಂಪ್ಸನ್ ಮತ್ತು ಹೀಟನ್ ಅವರಿಗೂ ಇದು ಗೊತ್ತಿತ್ತು. 1980ರಲ್ಲಿ ಅವರು ಆಸ್ಪತ್ರೆ ಬಿಟ್ಟು, ಆರೋಗ್ಯವಾಗಿದ್ದೀವಿ ಅಂತ ಹೇಳೋ 301 ಜನರನ್ನ ಕೇಳಿದರು. ಸುಮಾರು ಮೂರನೇ ಒಂದು ಪಾಲು ಜನಕ್ಕೆ ಈ ಥರದ ಕರುಳಿನ ತಕರಾರು ಇತ್ತು. ಹೆಚ್ಚಿನವರು ಡಾಕ್ಟರ್ ಹತ್ರ ಹೋಗೇ ಇರಲಿಲ್ಲ. ಅಂದ್ರೆ ನೋವು ಎಲ್ಲರಲ್ಲೂ ಇದೆ, ಡಾಕ್ಟರ ಬಾಗಿಲು ತಟ್ಟೋರು ಕೆಲವರು. ತಟ್ಟೋದಕ್ಕೆ ಕಾರಣ ನೋವು ಮಾತ್ರ ಅಲ್ಲ, ಭಯವೂ ಹೌದು. ಒಳ್ಳೇ ಜನರಲ್ ಪ್ರಾಕ್ಟೀಷನರ್ "ಏನಾಗ್ತಿದೆ" ಅಂತ ಕೇಳಿದ ಮೇಲೆ "ಏನಿರಬಹುದು ಅಂತ ಭಯ ನಿನಗೆ" ಅಂತಲೂ ಕೇಳ್ತಾರೆ. ನನ್ನ ಹಿಂದಿನ ಮೂವರು ಕೇಳಿರಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ: ನಮ್ಮ ದೊಡ್ಡಪ್ಪ ಹೊಟ್ಟೆ ಕ್ಯಾನ್ಸರಲ್ಲಿ ಹೋದದ್ದು.

ಹೀಟನ್ ಅವರ ಇನ್ನೊಂದು ಕೊಡುಗೆಯನ್ನ ನೀವು ಇನ್‌ಸ್ಟಾಗ್ರಾಂ ಮೀಮ್‌ನಲ್ಲಿ ನೋಡಿರ್ತೀರಿ: ಬ್ರಿಸ್ಟಲ್ ಸ್ಟೂಲ್ ಚಾರ್ಟ್. ಮಲದ ಏಳು ರೂಪಗಳ ಚಿತ್ರ. 1997ರಲ್ಲಿ ಸ್ಟೀಫನ್ ಲೂಯಿಸ್ ಜೊತೆ ಸೇರಿ 66 ಸ್ವಯಂಸೇವಕರ ಮೇಲೆ ಇದನ್ನ ಪರೀಕ್ಷೆ ಮಾಡಿದರು. ಕೆಲವು ದಿನ ಭೇದಿಗೆ ಕೊಟ್ಟು, ಕೆಲವು ದಿನ ಕಟ್ಟೋ ಮಾತ್ರೆ ಕೊಟ್ಟು, ತಿಂದದ್ದು ಹೊರಬರೋಕೆ ಎಷ್ಟು ಹೊತ್ತಾಗುತ್ತೆ ಅಂತ ಅಳೆದರು. ಆಕಾರ ನೋಡಿದ್ರೆ ವೇಗ ಗೊತ್ತಾಗುತ್ತೆ ಅಂತ ತೋರಿಸಿದರು. ಇಂಗ್ಲಿಷಿನವರಿಗೆ ಅದನ್ನ ವರ್ಣಿಸೋಕೆ ಸಾಸೇಜ್ ಬೇಕಾಯ್ತು. ನಮ್ಮಲ್ಲಿ ಒಂದನೇ ನಂಬರಿಗೆ ಆಡಿನ ಹಿಕ್ಕೆ ಅಂದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ. ನಗಬೇಡಿ. ಡಾಕ್ಟರ ಮುಂದೆ ನಾಚ್ಕೊಂಡು "ಸರಿ ಹೋಗಲ್ಲ ಸಾರ್" ಅನ್ನೋದಕ್ಕಿಂತ ಚಿತ್ರದ ಮೇಲೆ ಬೆರಳಿಡೋದು ಎಷ್ಟೋ ಸುಲಭ.

ಮಾತಿನ ಕಷ್ಟ ಅಂದ್ನಲ್ಲ, ಅದು ರೋಮ್ ತನಕ ಹೋಯ್ತು. 1988ರಲ್ಲಿ ರೋಮ್ ನಗರದಲ್ಲಿ ಜಠರ ಕರುಳು ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಆಯ್ತು. ಅಲ್ಲಿಗಾಗಿ ಐಬಿಎಸ್‌ನ ಲಕ್ಷಣ ನಿಗದಿ ಮಾಡೋ ಗುಂಪಿಗೆ ಮತ್ತೆ ಅದೇ ಥಾಂಪ್ಸನ್ ಮುಖ್ಯಸ್ಥರು. ಅಲ್ಲಿಂದ 'ರೋಮ್ ಮಾನದಂಡ' ಅನ್ನೋ ಹೆಸರು, ಆಗಾಗ ಪರಿಷ್ಕರಣೆ. 2016ರದ್ದು ನಾಲ್ಕನೇದು. ಅದರ ಪ್ರಕಾರ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದ್ರೂ ಹೊಟ್ಟೆನೋವು ಇರಬೇಕು, ಶುರುವಾಗಿ ಆರು ತಿಂಗಳಾಗಿರಬೇಕು. ಆ ನೋವಿಗೆ ಮಲವಿಸರ್ಜನೆ ಜೊತೆಗೆ, ಎಷ್ಟು ಸಲ ಅನ್ನೋದರ ಜೊತೆಗೆ, ಹೇಗಿದೆ ಅನ್ನೋದರ ಜೊತೆಗೆ, ಈ ಮೂರರಲ್ಲಿ ಎರಡರ ನಂಟಾದ್ರೂ ಇರಬೇಕು.

ಮೂರನೇ ಆವೃತ್ತಿ ತನಕ ಅದರಲ್ಲಿ ನೋವು ಅಥವಾ 'ಡಿಸ್ಕಂಫರ್ಟ್' ಅಂತ ಇತ್ತು. ನಾಲ್ಕರಲ್ಲಿ ಡಿಸ್ಕಂಫರ್ಟ್ ಪದ ಕಿತ್ತು ಹಾಕಿದರು. ಕಾರಣ ಏನು ಗೊತ್ತಾ? ಆ ಪದಕ್ಕೆ ಖಚಿತ ಅರ್ಥ ಇಲ್ಲ, ಒಂದೊಂದು ಭಾಷೇಲಿ ಒಂದೊಂದು ಥರ ಆಗುತ್ತೆ ಅಂತ. ಕನ್ನಡದಲ್ಲಿ ಪ್ರಯತ್ನ ಮಾಡಿ ನೋಡಿ. ಅಸೌಖ್ಯ? ಯಾರೂ ಕ್ಲಿನಿಕ್‌ನಲ್ಲಿ ಹಾಗೆ ಮಾತಾಡಲ್ಲ. "ಹೊಟ್ಟೇಲಿ ಒಂಥರಾ ಆಗುತ್ತೆ ಡಾಕ್ಟ್ರೇ." ಒಂಥರಾ! ಇದಕ್ಕಿಂತ ನಿಖರವಾದ ಪದ ನನಗೂ ಸಿಕ್ಕಿಲ್ಲ. ಆದ್ರೆ ಪದ ಕಿತ್ತಾಗ ಆ 'ಒಂಥರಾ'ದವರೂ ಪಟ್ಟಿಯಿಂದ ಹೊರಗೆ ಬಿದ್ದರು. ಅದಕ್ಕಿಂತ ಮುಂಚೆಯೇ, 2010ರಲ್ಲಿ ಏಷ್ಯಾದ ತಜ್ಞರ ಒಂದು ಗುಂಪು ತನ್ನದೇ ಒಮ್ಮತ ಬರೆದು, ನಮ್ಮ ಜನಕ್ಕೆ ನೋವಿಗಿಂತ ಉಬ್ಬರವೇ ದೊಡ್ಡ ದೂರು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂದಿತ್ತು. ನಮ್ಮಲ್ಲಿ ಎಲ್ಲಾ 'ಗ್ಯಾಸ್' ಅಲ್ವಾ. ತಲೆನೋವಾದ್ರೂ ಗ್ಯಾಸೇ.

ಭಾರತದ ಲೆಕ್ಕದಲ್ಲಿ ಇನ್ನೂ ವಿಚಿತ್ರಗಳಿವೆ. ಪಶ್ಚಿಮದಲ್ಲಿ ಐಬಿಎಸ್ ಅಂದ್ರೆ ಹೆಚ್ಚಾಗಿ ಹೆಂಗಸರು. ನಮ್ಮಲ್ಲಿ ಆಸ್ಪತ್ರೆಯಿಂದ ಬಂದ ಹಳೇ ಅಧ್ಯಯನಗಳಲ್ಲೆಲ್ಲ ಗಂಡಸರೇ ಜಾಸ್ತಿ. ಕರುಳು ಗಂಡು ಹೆಣ್ಣು ನೋಡಿ ದೇಶ ಬದಲಾಯಿಸುತ್ತಾ? ನನಗನ್ನಿಸೋದು, ಇದು ಕರುಳಿನ ಲೆಕ್ಕಕ್ಕಿಂತ ಆಸ್ಪತ್ರೆಗೆ ಯಾರು ಹೋಗ್ತಾರೆ ಅನ್ನೋ ಲೆಕ್ಕ.

ಇಲ್ಲಿ ಅಮ್ಮನ ವಿಷಯಕ್ಕೆ ಬರ್ತೀನಿ. ಅಮ್ಮನಿಗೆ 'ಆಮ' ಇದೆ ಅಂತ ನಾನು ಚಿಕ್ಕವಳಿಂದ ಕೇಳ್ಕೊಂಡು ಬೆಳೆದವಳು. ವರ್ಷಕ್ಕೆ ಎರಡು ಮೂರು ಸಲ ಹೊಟ್ಟೆ ಕೆಡೋದು, ಮೆಡಿಕಲ್ ಶಾಪಿಂದ ಮೆಟ್ರೋನಿಡಜೋಲ್ ಮಾತ್ರೆ ತರಿಸೋದು, ಬಾಯಲ್ಲಿ ಕಬ್ಬಿಣದ ರುಚಿ ಅಂತ ಊಟ ಬಿಡೋದು. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಭಾರತದಲ್ಲಿ ಬಹಳ ಕಾಲ ಐಬಿಎಸ್‌ಗೆ ಸಿಗ್ತಿದ್ದ ಹೆಸರು 'ಹಳೇ ಅಮೀಬಾ'. ಮಲಪರೀಕ್ಷೆಯಲ್ಲಿ ಅಮೀಬಾದ ಕೋಶ ಕಂಡ್ರೆ ಮುಗೀತು, ಅದೇ ಕಾರಣ. ಆದ್ರೆ ಆ ಕೋಶಗಳು ಏನೂ ತೊಂದರೆ ಇಲ್ಲದವರಲ್ಲೂ ಇರ್ತವೆ. 1997ರಲ್ಲಿ ಭಾರತದ ವೈದ್ಯರ ಒಂದು ತಂಡ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ನೇರವಾಗಿ ಕೇಳೇಬಿಟ್ಟಿತು: ರಕ್ತಭೇದಿ ಇಲ್ಲದ ಕರುಳಿನ ಅಮೀಬಾ ಕಾಯಿಲೆ ಅನ್ನೋದೊಂದು ನಿಜಕ್ಕೂ ಇದೆಯಾ? ಹಾಗೆ ಕರೆಸಿಕೊಳ್ತಿರೋದರಲ್ಲಿ ಹೆಚ್ಚಿನದು ಐಬಿಎಸ್ ಇರಬಹುದು ಅನ್ನೋದು ಅವರ ವಾದ. ಅಮ್ಮ ಎಷ್ಟು ಮಾತ್ರೆ ನುಂಗಿರಬಹುದು ಅಂತ ಒಂದ್ಸಲ ಲೆಕ್ಕ ಹಾಕೋಕೆ ಕೂತೆ, ಅರ್ಧಕ್ಕೇ ಬಿಟ್ಟೆ.

ಮಾತ್ರೆಯಲ್ಲಿ ಮುಗಿದರೆ ಪುಣ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿದ್ರೆ, ಐಬಿಎಸ್ ಇರೋರಿಗೆ ಪಿತ್ತಕೋಶ ತೆಗೆಯೋ ಆಪರೇಷನ್ ಉಳಿದವರಿಗಿಂತ ಮೂರು ಪಟ್ಟು ಹೆಚ್ಚಾಗಿತ್ತು. ಅಪೆಂಡಿಕ್ಸ್, ಗರ್ಭಕೋಶ ತೆಗೆದದ್ದು ಎರಡು ಪಟ್ಟು. ಎಲ್ಲವೂ ತಪ್ಪು ಆಪರೇಷನ್ ಅಂತ ಹೇಳೋಕಾಗಲ್ಲ. ಆದ್ರೆ ಕರುಳಿನ ನೋವಿಗೆ ಸರಿಯಾದ ಹೆಸರು ಸಿಗದೇ ಇದ್ರೆ ಪಕ್ಕದ ಅಂಗಗಳು ಬೆಲೆ ತೆರ್ತವೆ ಅನ್ನೋ ಅನುಮಾನ ಬಂದೇ ಬರುತ್ತೆ.

ಹಾಗಾದ್ರೆ ಪರೀಕ್ಷೆ ಮಾಡದೆ ಹೆಸರಿಟ್ಟರೆ ಅಪಾಯ ಇಲ್ವಾ? ಇದೇ ಎಲ್ಲ ಡಾಕ್ಟರ ಭಯ. ನಾನು ಡಾಕ್ಟರ್ ಆಗಿದ್ರೆ ನನಗೂ ಇರ್ತಿತ್ತು. 2013ರಲ್ಲಿ ಡೆನ್ಮಾರ್ಕಿನವರು ಇದನ್ನ ಪರೀಕ್ಷೆಗೇ ಇಟ್ಟರು. ಫ್ಯಾಮಿಲಿ ಡಾಕ್ಟರುಗಳಿಂದ ಬಂದ 18ರಿಂದ 50 ವರ್ಷದ 302 ರೋಗಿಗಳು, ಯಾರಿಗೂ ಅಪಾಯದ ಚಿಹ್ನೆ ಇಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿಗೆ ಲಕ್ಷಣ ಕೇಳಿ, ರಕ್ತಕಣಗಳ ಎಣಿಕೆ ಮತ್ತೆ ಸಿಆರ್‌ಪಿ ಅನ್ನೋ ರಕ್ತಪರೀಕ್ಷೆ ಮಾಡಿ, ಐಬಿಎಸ್ ಅಂತ ಹೇಳಿಬಿಟ್ಟರು. ಇನ್ನೊಂದು ಗುಂಪಿಗೆ ಸಾಲು ಸಾಲು ರಕ್ತಪರೀಕ್ಷೆ, ಮಲಪರೀಕ್ಷೆ, ಕೊಳವೆ ಬಿಟ್ಟು ಚೂರು ತೆಗೆದು ನೋಡೋದು, ಎಲ್ಲ. ಒಂದು ವರ್ಷ ಕಾದರು. ಜೀವನದ ಗುಣಮಟ್ಟದಲ್ಲಿ ಮೊದಲ ಗುಂಪಿನವರು ಹಿಂದೆ ಬೀಳಲಿಲ್ಲ. ಎರಡೂ ಗುಂಪಲ್ಲಿ ಒಬ್ಬರಿಗೂ ಕರುಳಿನ ಕ್ಯಾನ್ಸರ್, ಉರಿಯೂತದ ರೋಗ, ಸೀಲಿಯಾಕ್ ರೋಗ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಖರ್ಚಲ್ಲಿ.

ಅದಕ್ಕೂ ಐದು ವರ್ಷ ಮುಂಚೆ, 2008ರಲ್ಲಿ, ಬ್ರಿಟನ್ನಿನ ನೈಸ್ ಸಂಸ್ಥೆ ಜನರಲ್ ಪ್ರಾಕ್ಟೀಸ್‌ಗೆ ಅಂತಲೇ ಮಾರ್ಗಸೂಚಿ ತಂದಿತ್ತು. ಆರು ತಿಂಗಳಿಂದ ನೋವೋ ಉಬ್ಬರವೋ ಮಲದ ಬದಲಾವಣೆಯೋ ಇದ್ರೆ ಐಬಿಎಸ್ ಅಂತ ಯೋಚನೆ ಮಾಡಿ. ರಕ್ತಕಣ ಎಣಿಕೆ, ಇಎಸ್‌ಆರ್, ಸಿಆರ್‌ಪಿ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗದ ಪರೀಕ್ಷೆ, ಇಷ್ಟು ಮಾಡಿ. ಲಕ್ಷಣ ಹೊಂದುತ್ತಿದ್ರೆ ಸ್ಕ್ಯಾನಿಂಗ್, ಕೊಲೊನೋಸ್ಕೋಪಿ, ಥೈರಾಯ್ಡ್ ಬೇಕಿಲ್ಲ. ಥೈರಾಯ್ಡ್ ಬೇಕಿಲ್ಲ ಅನ್ನೋ ಸಾಲು ಓದಿದಾಗ ನನ್ನ ಎರಡು ತಿಂಗಳ ಸಂಬಳ ನೆನಪಾಯ್ತು.

ಚಿಕಿತ್ಸೆಯ ಕಥೆ ಇನ್ನೊಂದು ಸಂಚಿಕೆಗಾಗುವಷ್ಟಿದೆ. ಒಂದು ತುಣುಕು ಮಾತ್ರ ಹೇಳ್ತೀನಿ, ಯಾಕಂದ್ರೆ ಅದು ನಮ್ಮ ಮನೆಯ ಡಬ್ಬೀಲೂ ಇದೆ. 1970ರ ದಶಕದಲ್ಲಿ ನಾರು ಅನ್ನೋದು ಮಂತ್ರ, ಐಬಿಎಸ್ ಇರೋರಿಗೆಲ್ಲ ಗೋಧಿ ತೌಡು ತಿನ್ನಿಸಿದರು. 1994ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವೈದ್ಯರು ರೋಗಿಗಳನ್ನೇ ಕೇಳಿದಾಗ 55 ಶೇಕಡಾ ಜನ ತೌಡು ತಿಂದು ಜಾಸ್ತಿ ಆಯ್ತು ಅಂದರು, ಒಳ್ಳೇದಾಯ್ತು ಅಂದವರು 10 ಶೇಕಡಾ. 2009ರಲ್ಲಿ ನೆದರ್ಲೆಂಡ್ಸಿನ ಫ್ಯಾಮಿಲಿ ಡಾಕ್ಟರುಗಳ ರೋಗಿಗಳಲ್ಲಿ ತೌಡು, ಇಸಬ್ಗೋಲ್, ಸುಮ್ಮನೆ ಅಕ್ಕಿಹಿಟ್ಟು ಮೂರನ್ನೂ ಹೋಲಿಸಿ ನೋಡಿದಾಗ ಗೆದ್ದದ್ದು ಇಸಬ್ಗೋಲ್. ಗುಜರಾತಿನ ಹೊಲದಲ್ಲಿ ಬೆಳೆಯೋದು, ಅಜ್ಜಿ ಮಜ್ಜಿಗೆಗೆ ಹಾಕಿ ಕೊಡ್ತಿದ್ದದ್ದು.

ಇನ್ನೊಂದು. 2008ರಲ್ಲಿ ಹಾರ್ವರ್ಡಿನ ಟೆಡ್ ಕ್ಯಾಪ್ಚಕ್ ತಂಡ 262 ಐಬಿಎಸ್ ರೋಗಿಗಳನ್ನ ಮೂರು ಗುಂಪು ಮಾಡಿತು. ಒಂದಕ್ಕೆ ಸುಮ್ಮನೆ ಕಾಯಿರಿ ಅಂದರು. ಇನ್ನೊಂದಕ್ಕೆ ಚರ್ಮಕ್ಕೆ ಚುಚ್ಚದೇ ಇರೋ ಸುಳ್ಳು ಸೂಜಿ, ಮಾತು ಕಡಿಮೆ. ಮೂರನೇದಕ್ಕೆ ಅದೇ ಸುಳ್ಳು ಸೂಜಿ, ಆದ್ರೆ ವೈದ್ಯ ಕೂತು ಕೇಳ್ತಾನೆ, ಬೆಚ್ಚಗೆ ಮಾತಾಡ್ತಾನೆ, ಸಮಯ ಕೊಡ್ತಾನೆ. ಸಾಕಷ್ಟು ಆರಾಮ ಆಯ್ತು ಅಂದವರು ಕ್ರಮವಾಗಿ 28, 44, 62 ಶೇಕಡಾ. ಸೂಜಿ ಎರಡರಲ್ಲೂ ಸುಳ್ಳೇ. ಬದಲಾದದ್ದು ಮಾತು ಒಂದೇ.

ನಮ್ಮೂರ ಡಾಕ್ಟ್ರು ಇದನ್ನೆಲ್ಲ ಓದಿದ್ರೋ ಇಲ್ವೋ ನಾನು ಕೇಳಿಲ್ಲ. ಚೀಟಿ ಕೊಟ್ಟ ಮೇಲೆ ಅವರು ಹೇಳಿದ್ದು ಇಷ್ಟು: "ಇದು ನಿಜವಾದ ಕಾಯಿಲೆ. ಸಾಯಿಸಲ್ಲ, ಬಿಟ್ಟೂ ಹೋಗಲ್ಲ, ಏಳುತ್ತೆ ಇಳಿಯುತ್ತೆ. ರಕ್ತ ಕಂಡ್ರೆ, ತೂಕ ಇಳಿದ್ರೆ, ರಾತ್ರಿ ಎಬ್ಬಿಸಿದ್ರೆ ಆ ದಿನವೇ ಬಾ. ಇಲ್ಲಾಂದ್ರೆ ಎರಡು ತಿಂಗಳು ಬಿಟ್ಟು ಬಾ, ಹೇಗಿದ್ದೀಯ ನೋಡೋಣ." ಇಪ್ಪತ್ತು ವರ್ಷದಿಂದ ನಮ್ಮ ಮನೆಯವರನ್ನ ನೋಡಿರೋರು, ಇನ್ನೆರಡು ತಿಂಗಳು ಬಿಟ್ಟೂ ಅಲ್ಲೇ ಕೂತಿರೋರು. ಕಾದು ನೋಡೋದು ಅವರ ಕೈಲಿರೋ ಪರೀಕ್ಷೆ, ಅದಕ್ಕೆ ಬಿಲ್ ಇಲ್ಲ. ಊರಿಂದ ಊರಿಗೆ, ಆಪಿಂದ ಆಪಿಗೆ ಡಾಕ್ಟರ್ ಬದಲಾಯಿಸೋ ನಮಗೆ ಅದು ಸಿಗಲ್ಲ.

ಎದ್ದು ಹೊರಡೋವಾಗ ಬಾಗಿಲ ಹತ್ರ ನಿಂತಿದ್ದ ಅಮ್ಮ ಒಂದು ಮಾತು ಕೇಳಿದಳು. "ಡಾಕ್ಟ್ರೇ, ಇವಳಿಗೆ ಕೇಳಿದ್ರಲ್ಲ, ಅದೆಲ್ಲ ನನಗೂ ಹಂಗೇ ಆಗುತ್ತೆ. ನಂದೂ ಅದೇನಾ?"

ಡಾಕ್ಟ್ರು ಕನ್ನಡಕ ತೆಗೆದರು. "ಎಷ್ಟು ವರ್ಷದಿಂದ?"

"ಇವಳು ಹುಟ್ಟಿದಾಗಿಂದ."

"ಒಂದ್ಸಲನೂ ಹೇಳಲಿಲ್ವಲ್ಲಮ್ಮ ನೀವು."

"ಆಮ ಅಂದ್ಕೊಂಡಿದ್ದೆ."

ಅವರು ಅಮ್ಮನನ್ನ ಕೂರಿಸಿದರು. ಅಮ್ಮನಿಗೆ ಐವತ್ತು ದಾಟಿದೆ ಅಂತ ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು, ರಕ್ತಪರೀಕ್ಷೆಗೆ ಬರೆದರು, ಅದು ಬಂದ ಮೇಲೆ ಮುಂದಿನ ಮಾತು ಅಂದರು. ಈ ಸಲ ಹೊರಗಿನ ಬೆಂಚಿನ ಮೇಲೆ ಕಾದದ್ದು ನಾನು. ಒಳಗಿಂದ ಅಮ್ಮನ ದನಿ ಸಣ್ಣಗೆ ಕೇಳ್ತಿತ್ತು, ಸುಮಾರು ಹೊತ್ತು.